ಅಧ್ಯಕ್ಷರು ಯಾರನ್ನು ಬೇಕಾದರೂ ವಜಾ ಮಾಡಬಹುದೇ?

ಅಮೆರಿಕದ ಸಂವಿಧಾನದಲ್ಲಿ ಉನ್ನತಾಧಿಕಾರಿಗಳ ನೇಮಕದ ಕ್ರಮ ಸ್ಪಷ್ಟವಾಗಿದೆ: ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ವಜಾ ಮಾಡುವ ವಿಷಯದಲ್ಲಿ ಮಾತ್ರ ಮಹಾಭಿಯೋಗವನ್ನು ಬಿಟ್ಟರೆ ಅದು ಏನನ್ನೂ ಹೇಳುವುದಿಲ್ಲ. ಇಷ್ಟು ವರ್ಷಗಳ ವ್ಯಾಜ್ಯಕ್ಕೆಲ್ಲ ಇದೇ ಮೂಲ.

ಪೋರ್ಟ್‌ಲ್ಯಾಂಡಿನ ಪೋಸ್ಟ್‌ಮಾಸ್ಟರ್ ಒಬ್ಬರ ವಜಾ ಪ್ರಕರಣದಲ್ಲಿ, 1926ರಲ್ಲಿ, ಸುಪ್ರೀಂ ಕೋರ್ಟ್ ಅಧ್ಯಕ್ಷರ ಪರ ನಿಂತಿತು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಟ್ಯಾಫ್ಟ್ ಸ್ವತಃ ಮಾಜಿ ಅಧ್ಯಕ್ಷರು.

ಒಂಬತ್ತು ವರ್ಷಗಳ ನಂತರದ ಹಂಫ್ರಿ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿಲಿಯಂ ಹಂಫ್ರಿ ವ್ಯಾಪಾರದ ಅಕ್ರಮಗಳ ಮೇಲೆ ನಿಗಾ ಇಡುವ ಫೆಡರಲ್ ಟ್ರೇಡ್ ಕಮಿಷನ್ ಸದಸ್ಯರು. ಅವಧಿ ಏಳು ವರ್ಷ. ಅದಕ್ಷತೆ, ಕರ್ತವ್ಯಲೋಪ, ದುರ್ನಡತೆ ಈ ಮೂರು ಕಾರಣಗಳಿಗೆ ಸದಸ್ಯರನ್ನು ತೆಗೆಯಬಹುದೆಂದು 1914ರ ಕಾಯಿದೆ ಹೇಳಿತ್ತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಈ ಯಾವ ಆರೋಪವನ್ನೂ ಹೊರಿಸಲಿಲ್ಲ. ಆಯೋಗದ ನೀತಿಯ ವಿಷಯದಲ್ಲಿ ನಮ್ಮಿಬ್ಬರ ಮನಸ್ಸು ಕೂಡುತ್ತಿಲ್ಲ ಎಂದು ಪತ್ರ ಬರೆದು ರಾಜೀನಾಮೆ ಕೇಳಿದರು. ಹಂಫ್ರಿ ಕೊಡಲಿಲ್ಲ, ಅಕ್ಟೋಬರ್‌ನಲ್ಲಿ ವಜಾ ಆದರು, ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಬಾಕಿ ಸಂಬಳಕ್ಕಾಗಿ ದಾವೆ ಹೂಡಿದವರು ಅವರ ಆಸ್ತಿಯ ನಿರ್ವಾಹಕರು. 1935ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಜಾ ಕಾನೂನುಬಾಹಿರ ಎಂದರು. ವಿಚಾರಣೆ ನಡೆಸಿ ತೀರ್ಮಾನ ಕೊಡುವ, ನಿಯಮ ರೂಪಿಸುವ ಸಂಸ್ಥೆಯ ಸದಸ್ಯರಿಗೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಇಂಥ ರಕ್ಷಣೆ ಕೊಡಬಹುದು ಎಂಬುದು ಅವರ ತರ್ಕ.

ನಿಯಂತ್ರಣ ಆಯೋಗಗಳ ಮುಂದೆ ಕಕ್ಷಿದಾರರ ಪರ ವಾದಿಸುವವಳಾಗಿ ನಾನು ಒತ್ತಿ ಹೇಳುವುದು ಇಷ್ಟು: ಈ ರಕ್ಷಣೆ ಆಯುಕ್ತರ ಸಂಬಳಕ್ಕಲ್ಲ, ಅವರ ಮುಂದೆ ನಿಂತವರಿಗೆ. ಕಡತ ಓದಿ, ಸಾಕ್ಷ್ಯ ಕೇಳಿ ತೀರ್ಮಾನಿಸಬೇಕಾದವರು ಸಂಜೆಯ ಹೊತ್ತಿಗೆ ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದರೆ ನನ್ನ ವಾದ ಯಾರಿಗಾಗಿ?

ಎದುರುವಾದವೂ ಹಗುರವಲ್ಲ. ಜನ ಆರಿಸುವುದು ಅಧ್ಯಕ್ಷರನ್ನು. ಅವರಿಗೆ ಉತ್ತರದಾಯಿಗಳಲ್ಲದವರು ಕಾರ್ಯಾಂಗದ ಅಧಿಕಾರ ಚಲಾಯಿಸುವುದು ಹೇಗೆ? 2020ರಲ್ಲಿ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯ ಏಕೈಕ ನಿರ್ದೇಶಕರಿಗಿದ್ದ ರಕ್ಷಣೆಯನ್ನು ಕೋರ್ಟ್ ತೆಗೆದುಹಾಕಿದ್ದು ಇದೇ ತರ್ಕದಿಂದ. 2025ರ ಮೇ ತಿಂಗಳಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಸದಸ್ಯೆಯ ವಜಾ ಸದ್ಯಕ್ಕೆ ಊರ್ಜಿತವಾಗಿರಲು ಬಿಟ್ಟಿತು. ಆದರೆ ಅದೇ ಆದೇಶದಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮಾತು ಬೇರೆ, ಅದರ ರಚನೆಯೇ ವಿಶಿಷ್ಟ ಎಂದಿತು. ಈ ವಿನಾಯಿತಿ ನನಗೆ ಒಪ್ಪಿಗೆಯಾಗಿಲ್ಲ. ಕೇಂದ್ರ ಬ್ಯಾಂಕ್ ಬಡ್ಡಿ ದರ ನಿಗದಿ ಮಾಡುವುದಷ್ಟೇ ಅಲ್ಲ, ಬ್ಯಾಂಕುಗಳನ್ನು ನಿಯಂತ್ರಿಸುತ್ತದೆ, ದಂಡವನ್ನೂ ಹಾಕುತ್ತದೆ. ಫೆಡರಲ್ ರಿಸರ್ವ್, ಕಾರ್ಮಿಕ ಮಂಡಳಿ ಎರಡರ ಸ್ವಾತಂತ್ರ್ಯಕ್ಕೂ ಆಧಾರ ಒಂದೇ ಎಂದು ನ್ಯಾಯಮೂರ್ತಿ ಕೇಗನ್ ಭಿನ್ನಮತದಲ್ಲಿ ಬರೆದದ್ದು ಸರಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ರೇಡ್ ಕಮಿಷನ್ನಿನ ಸದಸ್ಯೆ ರೆಬೆಕಾ ಸ್ಲಾಟರ್ ಅವರ ವಜಾ ಪ್ರಕರಣದಲ್ಲಿ ಸರ್ಕಾರ ಹಂಫ್ರಿ ತೀರ್ಪನ್ನೇ ತೊಡೆದುಹಾಕಿ ಎಂದು ವಾದಿಸಿತು.

ಕಕ್ಷಿದಾರರಿಗೆ ಈಗ ನಾನು ಹೇಳುವುದು: ಆಯೋಗದಲ್ಲಿ ಯಾರು ಕೂತಿದ್ದರೂ 1946ರ ಆಡಳಿತ ಕಾರ್ಯವಿಧಾನ ಕಾಯಿದೆ ಇನ್ನೂ ಜಾರಿಯಲ್ಲಿದೆ. ಮನಸೋಇಚ್ಛೆಯ ಆದೇಶವನ್ನು ಮೇಲಿನ ನ್ಯಾಯಾಲಯ ರದ್ದುಪಡಿಸಬಲ್ಲದು. ಅದಕ್ಕಾಗಿ ಪ್ರತಿಯೊಂದು ಆಕ್ಷೇಪಣೆಯೂ ವಿಚಾರಣೆಯ ಹಂತದಲ್ಲೇ ಲಿಖಿತವಾಗಿ ದಾಖಲಾಗಬೇಕು.