ಪದ ಪರಿಚಯ: ಅಂಕ ಸ್ಥಿರತೆ

ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಬಿ.ಎಡ್. ಪ್ರಾಯೋಗಿಕ ಪರೀಕ್ಷೆ. ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ. ಪ್ರಶಿಕ್ಷಣಾರ್ಥಿ ಹೊಲದಿಂದ ಬೇರುಸಮೇತ ಕಿತ್ತು ತಂದ ತೊಗರಿ ಗಿಡವನ್ನು ಮೇಜಿನ ಮೇಲಿಟ್ಟಳು. ಬೇರಿನ ಗಂಟು ಕಂಡ ಹುಡುಗನೊಬ್ಬ ‘ಇದಕ್ಕ ರೋಗ ಬಂದದೇನ್ರಿ ಮೇಡಂ?’ ಅಂದ. ಅಲ್ಲಿಂದಲೇ, ಆ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾದ ಪಾಠ ಶುರುವಾಯಿತು. ಹಿಂದಿನ ಬೆಂಚಿನಲ್ಲಿ ನಾವಿಬ್ಬರು ಪರೀಕ್ಷಕರು. ‘ಬೋಧನೋಪಕರಣ’ಕ್ಕೆ ನಾನು ಹತ್ತಕ್ಕೆ 9 ಹಾಕಿದೆ, ಪಕ್ಕದವರು 5. ‘ಚಾರ್ಟೇ ಇಲ್ಲಲ್ರಿ ಸರ್’ ಎಂಬುದು ಅವರ ತಕರಾರು.

ಒಂದೇ ಪಾಠವನ್ನು ಯಾರು ನೋಡಿದರೂ, ಒಬ್ಬರೇ ಬೆಳಿಗ್ಗೆ ನೋಡಿದರೂ ಊಟದ ಮೇಲೆ ತೂಕಡಿಸುತ್ತ ನೋಡಿದರೂ, ಅಂಕ ಹೆಚ್ಚುಕಡಿಮೆ ಅಷ್ಟೇ ಬಂದರೆ ಅದು ಅಂಕ ಸ್ಥಿರತೆ. ಬಿ.ಎಡ್. ಪುಸ್ತಕಗಳ ‘ವಿಶ್ವಸನೀಯತೆ’ಯ ಒಂದು ಕವಲು. ‘ಸಪ್ರಮಾಣತೆ’ ಬೇರೆ, ಅದು ಅಳೆಯಬೇಕಾದ್ದನ್ನೇ ಅಳೆಯುವುದು. ನಾವಿಬ್ಬರೂ ಚಾರ್ಟ್ ಇಲ್ಲವೆಂದು 5 ಹಾಕಿದ್ದರೆ ಸ್ಥಿರತೆಗೆ ಕೊರತೆಯಿರಲಿಲ್ಲ, ಆದರೆ ಆಕೆ ಕಲಿಸಿದ್ದನ್ನು ಅಳೆದಂತಾಗುತ್ತಿರಲಿಲ್ಲ.

ಹೊಂದಾಣಿಕೆಯನ್ನು ಶೇಕಡಾವಾರಿನಲ್ಲಿ ಹೇಳುವುದು ರೂಢಿ. ಅದು ಮೋಸ ಮಾಡುತ್ತದೆ. 20 ಪಾಠ ಅಂದುಕೊಳ್ಳಿ. ಇಬ್ಬರೂ ತಲಾ 18 ಪಾಸು, 2 ಫೇಲು ಮಾಡಿದರು. ಆದರೆ ಒಬ್ಬರು ಫೇಲು ಮಾಡಿದವರನ್ನು ಇನ್ನೊಬ್ಬರು ಪಾಸು ಮಾಡಿದ್ದಾರೆ. 16 ಪಾಠಗಳಲ್ಲಿ ಒಮ್ಮತ, ಅಂದರೆ ಶೇ. 80. ಸೊಗಸಾಗಿದೆ ಅನ್ನಿಸುತ್ತದೆ. ಆದರೆ ಪಾಠ ನೋಡದೆ ಕಣ್ಣುಮುಚ್ಚಿ ಇದೇ ಪ್ರಮಾಣದಲ್ಲಿ ಪಾಸು-ಫೇಲು ಹಂಚಿದ್ದರೂ ಸರಾಸರಿ ಶೇ. 82 ಹೊಂದುತ್ತಿತ್ತು! ಈ ಕುರುಡು ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕಲು ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೋಹೆನ್ 1960ರಲ್ಲಿ ‘ಕಪ್ಪಾ’ ಎಂಬ ಅಳತೆ ಕೊಟ್ಟರು. ಪೂರ್ತಿ ಒಮ್ಮತಕ್ಕೆ 1, ಬರೀ ಅದೃಷ್ಟಕ್ಕೆ 0. ನಮ್ಮ ಉದಾಹರಣೆಗೆ ಬರುವುದು ಸುಮಾರು ಮೈನಸ್ 0.11.

ಅಮೆರಿಕದಲ್ಲಿ ಭಾವೀ ಶಿಕ್ಷಕರನ್ನು ಅಳೆಯುವ ಎಡ್‌ಟಿಪಿಎ ಪರೀಕ್ಷೆಯ ಮೇಲೂ ಇಂಥದೇ ಆಕ್ಷೇಪ ಬಂತು: ಐದು ಹಂತಗಳ ಮಾಪನದಲ್ಲಿ ಒಂದು ಹಂತದ ವ್ಯತ್ಯಾಸವನ್ನೂ ಒಮ್ಮತವೆಂದೇ ಎಣಿಸಿದ್ದಾರೆ ಎಂದು.

ನಮ್ಮಲ್ಲಿ ಜಗಳ ಬಗೆಹರಿಯುವುದು ಸರಾಸರಿಯಿಂದ. 9, 5 ಕೂಡಿಸಿ ಅರ್ಧ ಮಾಡಿದರೆ 7. ಆ ಏಳು ನನ್ನದೂ ಅಲ್ಲ, ಅವರದೂ ಅಲ್ಲ. ನಿಜವಾದ ಕೊರತೆ ಇದ್ದದ್ದು ರೂಬ್ರಿಕ್‌ನಲ್ಲಿ, ಅಂದರೆ ಯಾವುದಕ್ಕೆ ಎಷ್ಟು ಅಂಕವೆಂದು ಹೇಳುವ ಪಟ್ಟಿಯಲ್ಲಿ. ಅಲ್ಲಿ ‘ಉಪಕರಣ ಸೂಕ್ತವಾಗಿದೆ’ ಎಂಬ ಒಂದೇ ಸಾಲಿತ್ತು. ಚಹಾ ಕುಡಿಯುತ್ತ ಹಾಳೆಯ ಹಿಂಬದಿಗೆ ಬರೆದುಕೊಂಡೆವು: ತೋರಿಸಿ ಬದಿಗಿಟ್ಟರೆ 5, ಮಕ್ಕಳು ಮುಟ್ಟಿ ನೋಡಿ ಪ್ರಶ್ನೆ ಕೇಳಿದರೆ 8ರ ಮೇಲೆ. ಮುಂದಿನ ಪಾಠಕ್ಕೆ ಬಣ್ಣಬಣ್ಣದ ಚಾರ್ಟ್ ಬಂತು. ಅವರು 6 ಹಾಕಿದರು, ನಾನು 5.