ಬಾಸ್ಟೀಲ್ ಮುತ್ತಿದವರ ಹೆಸರು ಸಿಕ್ಕಿದ ಕಥೆ

ಫ್ರೆಂಚ್ ಕ್ರಾಂತಿಯ ಆರಂಭದಲ್ಲಿ, 1789ರ ಜುಲೈ 14ರಂದು, ಸೆರೆಮನೆಯಾಗಿದ್ದ ಪ್ಯಾರಿಸ್‌ನ ಬಾಸ್ಟೀಲ್ ಕೋಟೆಗೆ ನುಗ್ಗಿದವರು ಯಾರು? ‘ಜನ’ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ತೇನ್‌ ಥರದ 19ನೇ ಶತಮಾನದ ಇತಿಹಾಸಕಾರರು ಅವರನ್ನು ಪುಂಡರ ಗುಂಪಿನಂತೆ ಚಿತ್ರಿಸಿದರು. ಅವರ ಹೆಸರು, ಕಸುಬು, ಮನೆ ಎಲ್ಲಿ ಅಂತ ಕೇಳಿದವರು ಕಡಿಮೆ.

ಕೇಳಿದರೂ ಉತ್ತರ ಸಿಗುವುದು ಕಷ್ಟವಿತ್ತು. 1871ರ ಮೇ ತಿಂಗಳಲ್ಲಿ ಪ್ಯಾರಿಸ್ ನಗರಸಭೆಯ ಕಟ್ಟಡ ಸುಟ್ಟುಹೋದಾಗ ಕ್ರಾಂತಿ ಕಾಲದ ಎಷ್ಟೋ ಕಾಗದಪತ್ರ ಬೂದಿಯಾದವು. ಉಳಿದದ್ದನ್ನು ಪೊಲೀಸ್ ದಾಖಲೆಗಳ ಕಟ್ಟುಗಳಲ್ಲಿ ಹೆಕ್ಕಬೇಕಿತ್ತು. ಒಬ್ಬರ ಕೈಲಾಗುವ ಕೆಲಸವಲ್ಲ.

ಕೂಡಿ ಮಾಡುವ ವಾತಾವರಣವೂ ಮೊದಲು ಇರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಈ ಕ್ರಾಂತಿಯ ದೊಡ್ಡ ಇತಿಹಾಸಕಾರರಾದ ಓಲಾರ್ ಮತ್ತು ಮಾಥಿಯೆ, ಕ್ರಾಂತಿಯ ನಾಯಕರಲ್ಲಿ ದಾಂತೋನ್ ಹೆಚ್ಚೋ ರೋಬೆಸ್ಪಿಯೆರ್ ಹೆಚ್ಚೋ ಅಂತ ಬದ್ಧವೈರಿಗಳಾಗಿದ್ದರು. 1932ರಲ್ಲಿ ಮಾಥಿಯೆ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಜಾರ್ಜ್ ಲೆಫೆವ್ರ್. ರೈತರ ಕ್ರಾಂತಿಯನ್ನು ಹಳ್ಳಿಯ ದಾಖಲೆಗಳಿಂದಲೇ ಬರೆದವರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಲೆಫೆವ್ರ್ ಸುತ್ತ ಮೂವರು ಸೇರಿದರು: ಫ್ರಾನ್ಸಿನ ಆಲ್ಬೇರ್ ಸೊಬೂಲ್, ಇಂಗ್ಲೆಂಡಿನ ರಿಚರ್ಡ್ ಕಾಬ್, ಲಂಡನ್ನಿನಲ್ಲಿ ಮೇಷ್ಟರಾಗಿದ್ದ ಜಾರ್ಜ್ ರೂಡೆ. ಲೆಫೆವ್ರ್ ಇವರಿಗೆ, ಡ್ಯೂಮಾನ ಕಾದಂಬರಿಯ ಗೆಳೆಯರ ಹಾಗೆ, ‘ಮೂವರು ಮಸ್ಕೆಟಿಯರ್‌ಗಳು’ ಅಂತ ಹೆಸರಿಟ್ಟರು. ಸೊಬೂಲ್ ಪಕ್ಕಾ ಕಮ್ಯುನಿಸ್ಟ್, ಕಾಬ್‌ಗೆ ಯಾವ ಸಿದ್ಧಾಂತವೂ ಒಗ್ಗುತ್ತಿರಲಿಲ್ಲ. ಆದರೂ ದಾಖಲೆಗಳಿಂದ ಬರೆದುಕೊಂಡ ಟಿಪ್ಪಣಿಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡರು. ಪುಸ್ತಕ ಇನ್ನೂ ಬಂದಿಲ್ಲದ ಸಂಶೋಧಕನಿಗೆ ಆ ಟಿಪ್ಪಣಿಯೇ ಆಸ್ತಿ. ಅದನ್ನು ಬೇರೆಯವರ ಕೈಗೆ ಕೊಡುವುದು ಸುಮ್ನೆ ಮಾತಲ್ಲ. 1795ರ ಪ್ಯಾರಿಸ್ ದಂಗೆಗಳ ಬಗ್ಗೆ ಕಾಬ್ ಮತ್ತು ರೂಡೆ 1955ರಲ್ಲಿ ಜಂಟಿಯಾಗಿಯೇ ಒಂದು ಲೇಖನ ಬರೆದರು. ಆಗ ಇಬ್ಬರ ದೊಡ್ಡ ಪುಸ್ತಕಗಳೂ ಮುಗಿದಿರಲಿಲ್ಲ.

ರೂಡೆ ಅವರ ಮುಂದಿದ್ದ ಒಂದು ದಾಖಲೆ ನೋಡಿ. ಬಾಸ್ಟೀಲ್ ಗೆದ್ದವರದ್ದು ಅಂತ ಮಾಯಾರ್ ಎಂಬಾತ ಮಾಡಿದ ಪಟ್ಟಿ. ಅದರಲ್ಲಿ 662 ಹೆಸರು. ಬಡಗಿ, ಬೀಗ ಮಾಡುವವನು, ಚಮ್ಮಾರ, ಅಂಗಡಿಯವನು. ಜಾಸ್ತಿ ಜನ ಕೋಟೆಯ ಪಕ್ಕದ ಸೇಂಟ್ ಆಂಟ್ವಾನ್ ಬಡಾವಣೆಯವರು. ಕಸುಬಿದ್ದವರು, ವಿಳಾಸವಿದ್ದವರು. ತೇನ್ ಹೇಳಿದ ಪುಂಡರು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

ಸೊಬೂಲ್ ಪುಸ್ತಕ 1958ರಲ್ಲಿ ಬಂತು, ರೂಡೆಯದ್ದು 1959ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಲೆಫೆವ್ರ್ ತೀರಿಕೊಂಡರು. ಕಾಬ್ ಪುಸ್ತಕದ ಮೊದಲ ಸಂಪುಟ ಅಚ್ಚಾಗಲು ಇನ್ನೂ ಎರಡು ವರ್ಷವಿತ್ತು.