ಮಳೆ ಬಿಡಿ, ಗಾಳಿ ಯಾವ ಕಡೆಯದು ನೋಡಿ

ಜುಲೈನಲ್ಲಿ ಸ್ಕೂಬಾ ಡೈವಿಂಗ್‌ಗೆ ಹೋಗುತ್ತೇನೆ ಅಂದರೆ ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ: "ಅಯ್ಯೋ, ಮಳೆಗಾಲ ಅಲ್ವಾ?" ನೀರಿಗೇ ಇಳಿಯುವವರಿಗೆ ಮಳೆ ಏನು ಮಾಡೀತು? ಹೇಗೂ ನೆನೆಯಲೇಬೇಕು. ಗುಡುಗು ಸಿಡಿಲು ಇದ್ದರೆ ಮಾತ್ರ ದೋಣಿ ಹೊರಡುವುದಿಲ್ಲ, ಹೊರಡಲೂಬಾರದು. ಅದು ಬಿಟ್ಟರೆ ನಿಜವಾಗಿ ಕಾಡುವುದು ಗಾಳಿ, ಗಾಳಿ ಎಬ್ಬಿಸುವ ಅಲೆ, ಮತ್ತೆ ಹೊಳೆಗಳು ತಂದು ಸುರಿಯುವ ಮಣ್ಣು.

ಮೊದಲು ಅಲೆ. ಮೇಲೆ ಎಷ್ಟೇ ಅಬ್ಬರ ಇದ್ದರೂ ಕೆಳಗೆ ಹೋದರೆ ಶಾಂತ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅರ್ಧ ನಿಜ. ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಎಷ್ಟು ದೂರವೋ, ಅದರ ಅರ್ಧದಷ್ಟು ಆಳದವರೆಗೂ ನೀರು ಓಲಾಡುತ್ತದೆ. 4 ಸೆಕೆಂಡಿಗೊಂದು ಬರುವ ಅಲೆಗಳ ನಡುವೆ ಸುಮಾರು 25 ಮೀಟರ್ ಅಂತರ, ಹಾಗಾಗಿ 12 ಮೀಟರ್ ಇಳಿದರೆ ಅದರ ಕಾಟ ತಪ್ಪಿತು. ದೂರದ ಸಮುದ್ರದಲ್ಲಿ ಹುಟ್ಟಿ 10 ಸೆಕೆಂಡಿಗೊಂದು ಬರುವ ದೊಡ್ಡ ಅಲೆಗಳ ನಡುವೆ 150 ಮೀಟರ್‌ಗೂ ಜಾಸ್ತಿ ಅಂತರ ಇರುತ್ತದೆ, ಅಂದರೆ 75 ಮೀಟರ್ ಕೆಳಗೂ ನೀರು ಅಲ್ಲಾಡುತ್ತಿರುತ್ತದೆ. ಮೊದಲ ಕೋರ್ಸ್ ಮುಗಿಸಿದವರ ಮಿತಿಯೇ 18 ಮೀಟರ್. ಅಡಗಿಕೊಳ್ಳಲು ಜಾಗವೇ ಇಲ್ಲ. ನೀವು ಹವಳದ ಪಕ್ಕ ನಿಂತಿದ್ದರೆ ಒಮ್ಮೆ ಎರಡು ಮೀಟರ್ ಮುಂದೆ, ಒಮ್ಮೆ ಎರಡು ಮೀಟರ್ ಹಿಂದೆ, ತಳದ ಮರಳೆಲ್ಲಾ ಎದ್ದು ಮುಖಕ್ಕೆ. ಆದ್ದರಿಂದ ಮೊಬೈಲಿನಲ್ಲಿ ಮೋಡದ ಚಿತ್ರ ನೋಡಿ ಬೇಜಾರು ಮಾಡಿಕೊಳ್ಳುವ ಬದಲು ಅಲೆಯ ಎತ್ತರ ಎಷ್ಟು, ಎಷ್ಟು ಸೆಕೆಂಡಿಗೊಂದು ಬರುತ್ತಿದೆ ಅಂತ ನೋಡಿ. ನಮ್ಮ ಕರಾವಳಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈ ಮುನ್ಸೂಚನೆಯನ್ನು ಪುಕ್ಕಟೆ ಕೊಡುತ್ತದೆ.

ಇನ್ನು ಮಣ್ಣು. ಕಾವೇರಿಗೆ ಹೊಸ ನೀರು ಬಂದಾಗ ಶ್ರೀರಂಗಪಟ್ಟಣದ ಸಂಗಮದಲ್ಲಿ ಮೊಣಕಾಲುದ್ದ ಇಳಿದು ನೋಡಿ, ನಿಮ್ಮ ಪಾದ ನಿಮಗೇ ಕಾಣುವುದಿಲ್ಲ. ಹೊಳೆ ಸಮುದ್ರ ಸೇರುವ ಕಡೆಯೆಲ್ಲಾ ಮಳೆಗಾಲದಲ್ಲಿ ಇದೇ ಕಥೆ. ಸಿಹಿನೀರು ಹಗುರ, ಉಪ್ಪುನೀರು ಅದಕ್ಕಿಂತ ಶೇಕಡಾ 2.5ರಷ್ಟು ಭಾರ. ಹಾಗಾಗಿ ಹೊಳೆ ನೀರು ತಕ್ಷಣ ಬೆರೆಯದೆ ಮೇಲೆಯೇ ಹಾಸಿಕೊಳ್ಳುತ್ತದೆ. ಎರಡೂ ಸೇರುವ ಪದರದಲ್ಲಿ ಬಿಸಿಲಿಗೆ ಕಾದ ಟಾರು ರಸ್ತೆಯ ಮೇಲೆ ಗಾಳಿ ನಡುಗುವ ಹಾಗೆ ಎಲ್ಲವೂ ಕದಡಿ ಕಾಣುತ್ತದೆ. ಮಾಸ್ಕ್ ಕೊಳೆಯಾಗಿದೆಯೇನೋ ಅಂತ ಹೊಸಬರು ಸುಮ್ನೆ ಉಜ್ಜುತ್ತಾ ಇರುತ್ತಾರೆ. ಒಂದೆರಡು ಮೀಟರ್ ಕೆಳಗೆ ಇಳಿದರೆ ತಿಳಿಯಾಗಿಬಿಡಬಹುದು. ದೊಡ್ಡ ಹೊಳೆಗಳಿಲ್ಲದ ಪುಟ್ಟ ದ್ವೀಪ ಆರಿಸಿಕೊಂಡರೆ ಈ ರಗಳೆ ಅರ್ಧ ಕಡಿಮೆ.

ಹಾಗಾದರೆ ಎಲ್ಲಿಗೆ? ನೇತ್ರಾಣಿ ಈಗ ಆಗುವುದಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬೇಕು, ನೈರುತ್ಯ ಮುಂಗಾರು ನೇರ ಅದರ ಮೇಲೇ ಬೀಸುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಬಂದ್. ಅಂಡಮಾನ್ ಕೂಡ ಈ ತಿಂಗಳುಗಳಲ್ಲಿ ನನ್ನ ಪಟ್ಟಿಯಲ್ಲಿಲ್ಲ.

ಆದರೆ ಮೈಸೂರು, ಮಂಡ್ಯದವರಿಗೆ ಗೊತ್ತಿರುವ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ ಹೊಡೆದರೆ ಘಟ್ಟದ ಈಚೆ ಮಂಡ್ಯಕ್ಕೆ ಬರುವುದು 700ರ ಆಸುಪಾಸು. ಬೆಟ್ಟ ಗಾಳಿಯನ್ನು ತಡೆದು ನೀರು ಹಿಂಡಿಕೊಳ್ಳುತ್ತದೆ, ನಾವು ಅದರ ಮರೆಯಲ್ಲಿದ್ದೇವೆ. ಥಾಯ್ಲೆಂಡ್‌ನಲ್ಲೂ ಹಾಗೇ. ಪಶ್ಚಿಮದ ಸಿಮಿಲಾನ್ ದ್ವೀಪಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ, ಅದೇ ಹೊತ್ತಿಗೆ ಪೂರ್ವದ ಕೊಲ್ಲಿಯಲ್ಲಿರುವ ಕೊ ತಾವ್ ದ್ವೀಪದಲ್ಲಿ ಹೊಸಬರ ಕ್ಲಾಸು ಆರಾಮಾಗಿ ನಡೆಯುತ್ತಿರುತ್ತದೆ. ಮಲೇಷ್ಯಾದ ಪೂರ್ವ ತೀರದ ಪೆರ್ಹೆಂಟಿಯನ್ ದ್ವೀಪಗಳೂ ಆಗ ತೆರೆದಿರುತ್ತವೆ. ನವೆಂಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗಿದರೆ ಎಲ್ಲಾ ಉಲ್ಟಾ. ಬಾಲಿಯ ಕಥೆ ಬೇರೆಯೇ. ಅದು ಭೂಮಧ್ಯರೇಖೆಯ ಆಚೆಗಿದೆ, ನಮ್ಮ ಜುಲೈ ಅವರಿಗೆ ಒಣಗಾಲ.

ಸೋವಿ ಸೀಸನ್‌ನಲ್ಲೇ ಹೋಗಬೇಕು ಅಂದರೆ ಮಾಲ್ಡೀವ್ಸ್ ಇದೆ. ಮುಂಗಾರಿನಲ್ಲಿ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವುದರಿಂದ ಹವಳ ದ್ವೀಪಗಳ ಪೂರ್ವದ ಅಂಚಿನಲ್ಲಿ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು, ಜಾಸ್ತಿ. ನೀರು ಸ್ವಲ್ಪ ಮಸುಕು, ಆದರೆ ಅದೇ ಪ್ಲಾಂಕ್ಟನ್ ತಿನ್ನಲು ಮಂಟಾ ಮೀನುಗಳು ಹಿಂಡಾಗಿ ಬರುತ್ತವೆ. ಬಾ ಅಟೋಲ್‌ನ ಹನಿಫಾರು ಕೊಲ್ಲಿ ಇದಕ್ಕೇ ಹೆಸರುವಾಸಿ. ಅಲ್ಲಿ ಸಿಲಿಂಡರ್ ಹಾಕಿಕೊಂಡು ಇಳಿಯುವ ಹಾಗಿಲ್ಲ, ಸ್ನಾರ್ಕೆಲ್ ಮಾತ್ರ, ಅಂದರೆ ಬಾಯಿಗೆ ಕೊಳವೆ ಇಟ್ಟುಕೊಂಡು ನೀರಿನ ಮೇಲೇ ತೇಲುತ್ತಾ ನೋಡುವುದು. ಹೊಸಬರಿಗೆ ಇನ್ನೂ ಒಳ್ಳೆಯದೇ. ನನ್ನನ್ನು ಕೇಳಿದರೆ ತಿಳಿನೀರಿಗಿಂತ ಮಂಟಾ ವಾಸಿ. ಎಲ್ಲಿಗೇ ಹೋದರೂ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ, ದುಡ್ಡು ವಾಪಸ್ ಬರುವಂಥ ಬುಕಿಂಗ್ ಮಾಡಿ. ಗಾಳಿ ನಿಮ್ಮ ರಜೆ ನೋಡಿಕೊಂಡು ಬೀಸುವುದಿಲ್ಲ.

ನಮ್ಮ ಮಳೆಗಾಲದ ಇನ್ನೊಂದು ಕಾಟ ನೆಗಡಿ. ಚಾಮುಂಡಿ ಬೆಟ್ಟದಿಂದ ಬಸ್ಸಿನಲ್ಲಿ ಇಳಿಯುವಾಗ ಕೆಲವರಿಗೆ ಕಿವಿ ಕಟ್ಟಿ ಪಟ್ ಅಂತ ಬಿಡುತ್ತದಲ್ಲ, ಆ 300 ಮೀಟರ್ ಇಳಿತಕ್ಕೆ ಹೆಚ್ಚುವ ಒತ್ತಡ ನೀರಿನಲ್ಲಿ ಬರೀ ಒಂದು ಅಡಿ ಇಳಿದಷ್ಟು. 3 ಮೀಟರ್ ಇಳಿದರೆ ಅದರ ಹತ್ತರಷ್ಟು. 10 ಮೀಟರ್‌ಗೆ ಒತ್ತಡ ದುಪ್ಪಟ್ಟಾಗುತ್ತದೆ. ಮೂಗು ಹಿಡಿದು ಮೆತ್ತಗೆ ಊದಿ ಕಿವಿಗೆ ಗಾಳಿ ತುಂಬಿಸುತ್ತಾ ಇಳಿಯಬೇಕು, ಮೂಗು ಕಟ್ಟಿದ್ದರೆ ಅದು ಆಗುವುದೇ ಇಲ್ಲ. ಬಲವಂತ ಮಾಡಿದರೆ ಕಿವಿಯ ತಮಟೆಯೇ ಹರಿಯಬಹುದು. ನೆಗಡಿ ಇದ್ದರೆ ಆ ದಿನ ದಡದಲ್ಲೇ ಕೂತು ಕಾಫಿ ಕುಡಿಯಿರಿ.

ವಾಪಸ್ ಬರುವುದಕ್ಕೂ ಒಂದು ಲೆಕ್ಕ ಇದೆ. ಆಳದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಮೆಲ್ಲಗೆ ಹೊರಗೆ ಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಮೈಯೊಳಗೇ ಗುಳ್ಳೆ ಏಳುತ್ತದೆ. ವಿಮಾನ ಹತ್ತುವ ಮುಂಚೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಿರಿ ಅನ್ನುವುದು ಡೈವರ್‌ಗಳ ಸುರಕ್ಷತೆ ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ನಮಗೆ ವಿಮಾನವೇ ಬೇಕಿಲ್ಲ, ಮೈಸೂರೇ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಕ್ಟೋಬರ್ ದಾಟಿದ ಮೇಲೆ ನೇತ್ರಾಣಿಗೆ ಹೋಗುವವರು ಮಧ್ಯಾಹ್ನ ಡೈವ್ ಮುಗಿಸಿ ಸಂಜೆಯೇ ಘಟ್ಟ ಹತ್ತುವ ಬಸ್ಸು ಬುಕ್ ಮಾಡಬೇಡಿ. ರಾತ್ರಿ ಮುರ್ಡೇಶ್ವರದಲ್ಲೇ ಉಳಿದು, ಒಳ್ಳೆ ಮೀನೂಟ ಮಾಡಿ, ಮಾರನೆಯ ದಿನ ಹೊರಡಿ.